ಮಾಟಗಾತಿಗೆ ಬುತ್ತಿ ಕಟ್ಟಿದವಳು

ಸನ್ನೆರ್‌ಹಾವ್ನ್, ಏರೋ ದ್ವೀಪ
ಜೂನ್ ೨೫

ನನ್ನ ಮುದ್ದಿನ ಟ್ರೀನೆ,

ನಾನೂ ನಿನ್ನ ಮಗಳೂ ಚೆನ್ನಾಗಿದ್ದೇವೆ. ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ನೀನು ಗಾಬರಿಯಿಂದ ನೇರ ಕೊನೆಯ ಪುಟಕ್ಕೆ ಹಾರಿಬಿಡುತ್ತೀಯ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಪ್ರಶ್ನೆ ಕೇಳುತ್ತೀಯ, ಆಮೇಲೆ ಇಬ್ಬರಿಗೂ ಸಿಟ್ಟು ಬರುತ್ತದೆ. ಕಾಗದದ ನಡುವೆ ಯಾರೂ ಬಾಯಿ ಹಾಕಲಾರರು. ಪಕ್ಕದ ಮನೆಯ ಪ್ರೇಬೆನ್ ನಾಳೆ ಕಣ್ಣಿನ ಡಾಕ್ಟರನ್ನು ನೋಡಲು ಕೋಪನ್‌ಹೇಗನ್‌ಗೆ ಬರುತ್ತಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತೇನೆ. ಮೊನ್ನೆ ಸಂಜೆಯ ಕಥೆಯನ್ನು ಅವನೂ ಹೇಳದೆ ಬಿಡುವುದಿಲ್ಲ. ಕಾಫಿ ಕೊಡು, ಕೇಕ್ ಕೊಡು, ಹೂಂಗುಟ್ಟು. ನಂಬುವುದು ಮಾತ್ರ ಇದನ್ನು.

ವಿಗ್ಗಾಳನ್ನು ಇಲ್ಲಿ ಬಿಟ್ಟು ಹೋಗುವಾಗ ನೀನು ನನಗೊಂದು ಕೆಲಸ ಒಪ್ಪಿಸಿದ್ದೆ. ಮಗು ಎಲ್ಲರ ಜೊತೆ ವೃತ್ತವಾಗಿ ಕೂರುವುದಿಲ್ಲ, ಕೇಳಿದ್ದಕ್ಕೆ ತಟ್ಟನೆ ಉತ್ತರ ಕೊಡುವುದಿಲ್ಲ, ಗಲಾಟೆಯಾದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತದೆ, ಆಗಸ್ಟ್‌ನಲ್ಲಿ ಶಾಲೆಗೆ ಸೇರಿಸುವ ಬದಲು ಇನ್ನೊಂದು ವರ್ಷ ತಡೆಯುವುದು ಒಳ್ಳೆಯದು ಎಂದು ಶಿಶುವಿಹಾರದವರು ಹೇಳಿದ್ದಾರೆ. ಶಾಲೆಯವರು ನಿನ್ನ ಉತ್ತರಕ್ಕೆ ಈ ತಿಂಗಳ ಕೊನೆಯವರೆಗೆ ಕಾಯುತ್ತಾರೆ. ಆಯುಷ್ಯವೆಲ್ಲ ಊರ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಂಡವಳು ನೀನು, ಇವಳನ್ನೂ ಸ್ವಲ್ಪ ದಿನ ನೋಡಿ ಹೇಳಮ್ಮಾ, ನೀನು ಹೇಳಿದಂತೆ ಮಾಡುತ್ತೇನೆ ಎಂದು ನೀನೇ ಅಂದಿದ್ದೆ. ನೋಡಿದ್ದಾಯಿತು. ಹೇಳುತ್ತೇನೆ, ಆದರೆ ನನ್ನ ಲಯದಲ್ಲಿ.

ಮೊದಲ ಕೆಲವು ದಿನ ಶಿಶುವಿಹಾರದವರ ಮಾತೇ ನಿಜವೆನಿಸಿ ನನಗೂ ಎದೆ ಭಾರವಾಗಿತ್ತು. ಕೆಲಸ ಬಿಟ್ಟು ವರ್ಷಗಳಾದರೂ ಬೇಸಿಗೆಯಲ್ಲಿ ನನ್ನ ಅಂಗಳಕ್ಕೆ ಮಕ್ಕಳು ಬರುವುದು ತಪ್ಪಿಲ್ಲ. ಈ ಸಲ ಮೀನಂಗಡಿಯವರ ಮಾಲ್ಟೆ ಮತ್ತು ಅವನ ಇಬ್ಬರು ಪುಟ್ಟ ತಂಗಿಯರು ಬರುತ್ತಿದ್ದಾರೆ. ಮಾಲ್ಟೆಗೆ ಆರು ತುಂಬಿದೆ, ಬಾಯಿಗೆ ಅರವತ್ತು. ಎಲ್ಲರನ್ನೂ ಕರೆದುಕೊಂಡು ಎಲ್ಡರ್ ಗಿಡದ ಬಿಳಿ ಹೂ ಕೀಳಲು ಬೇಲಿಯ ಕಡೆ ಹೋದೆ, ಶರಬತ್ತಿಗೆ. ಮೂವರೂ ಗೊಂಚಲು ಗೊಂಚಲಾಗಿ ಮುರಿದು ಬುಟ್ಟಿ ತುಂಬಿಸಿದರು. ನಿನ್ನ ಮಗಳು ಒಂದೊಂದು ಗೊಂಚಲನ್ನೂ ತಲೆಕೆಳಗು ಮಾಡಿ, ಮೆಲ್ಲಗೆ ಕೊಡವಿ, ಅದರೊಳಗಿನ ಹುಳಗಳೆಲ್ಲ ಇಳಿದು ಹೋಗುವವರೆಗೆ ಕಾಯುತ್ತಾ ನಿಂತಳು. ಅವಳ ಬುಟ್ಟಿಯ ತಳವೂ ಮುಚ್ಚಿರಲಿಲ್ಲ.

"ಬೋದಿಲಜ್ಜಿ, ನಿಮ್ಮ ವಿಗ್ಗಾ ಬಸವನಹುಳ ಇದ್ದಂಗವ್ಳೆ," ಎಂದು ಮಾಲ್ಟೆ ಹಾಡು ಕಟ್ಟಿದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಸಂಜೆ ಒಬ್ಬೊಬ್ಬರಿಗೆ ಒಂದೊಂದು ಜಾಡಿ ಕೊಟ್ಟು, ನಿಂಬೆಹೋಳು ಹಾಕಿಸಿ, ಸಕ್ಕರೆ ನೀರು ಸುರಿದು ಮುಚ್ಚಿಟ್ಟೆ. ಕೆಲವು ದಿನದ ಮೇಲೆ ತೆರೆದರೆ ಮಾಲ್ಟೆಯ ಜಾಡಿಯಲ್ಲಿ ಕಪ್ಪು ಹುಳಗಳು ಈಜು ಕಲಿಯುತ್ತಿದ್ದವು. ವಿಗ್ಗಾಳದ್ದು ಕನ್ನಡಿಯ ಹಾಗಿತ್ತು. ಅವಳು ಲೋಟಗಳನ್ನು ತಂದಿಟ್ಟು ತನ್ನ ಜಾಡಿಯಿಂದಲೇ ಎಲ್ಲರಿಗೂ ಬಗ್ಗಿಸಿದಳು. ಅವತ್ತು ನನ್ನ ಎದೆಯ ಭಾರ ಒಂದು ತೂಕ ಇಳಿಯಿತು.

ಆಮೇಲೆ ಏಡಿಗಳ ಕಥೆ. ನೀನೂ ಇಲ್ಲೇ ಕಲಿತದ್ದು ತಾನೇ, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ದಾರ ಕಟ್ಟಿ, ಒಡೆದ ಚಿಪ್ಪಿನ ಮಾಂಸ ಸಿಕ್ಕಿಸಿ ಬಂದರಿನ ಕಟ್ಟೆಯಿಂದ ನೀರಿಗೆ ಇಳಿಬಿಡುವುದು. ಉಳಿದವರು ದಾರ ಅಲುಗಿದ ಕೂಡಲೇ ಜಗ್ಗುತ್ತಿದ್ದರು, ಏಡಿ ನೀರಿಗೆ ಬೀಳುತ್ತಿತ್ತು. ವಿಗ್ಗಾ ಮಾತ್ರ ಹೊಟ್ಟೆಯ ಮೇಲೆ ಮಲಗಿಕೊಂಡು, ಏಡಿ ನೆಮ್ಮದಿಯಾಗಿ ತಿನ್ನಲು ಶುರು ಮಾಡಿದ ಮೇಲೆ ಹೂವೆತ್ತಿದಂತೆ ಎತ್ತುತ್ತಿದ್ದಳು. ಬಕೆಟ್ಟಿನ ಏಡಿಗಳಲ್ಲಿ ಮುಕ್ಕಾಲು ಪಾಲು ಅವಳವೇ. ಓಟದ ಪಂದ್ಯಕ್ಕೆ ಮಾಲ್ಟೆ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ. ಒಂದು ಏಡಿಯೂ ಮುಂದೆ ಹೋಗಲೊಲ್ಲದು. ಅವನು ಅವುಗಳಿಗೆ ಬೈಯಲು ಶುರು ಮಾಡಿದ, ಪೆದ್ದ ಏಡಿಗಳು ಎಂದು. ಆಗ ವಿಗ್ಗಾ ಬಾಯಿ ಬಿಟ್ಟಳು.

"ಅವು ಅಡ್ಡಡ್ಡ ಓಡ್ತಾವೆ. ನೀನು ಉದ್ದುದ್ದ ಗೆರೆ ಎಳೆದ್ರೆ ಅವೇನ್ ಮಾಡ್ತವೆ?"

ಹಾಗೆಂದು ಏಡಿಗಳನ್ನೆಲ್ಲ ಒಂದೊಂದಾಗಿ ಹಿಡಿದು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದಳು. ಪಂದ್ಯ ನಡೆಯಿತು. ಟ್ರೀನೆ, ನಾನು ಕಟ್ಟೆಯ ಮೇಲೆ ಕೂತು ಬೇಕೆಂದೇ ಕೆಮ್ಮಿದೆ, ನಗು ಅಳು ಎರಡೂ ಒಟ್ಟಿಗೆ ಬಂದಿದ್ದರಿಂದ. ಮರುದಿನದಿಂದ ಮಾಲ್ಟೆ ಬೆಳಗಾದರೆ "ವಿಗ್ಗಾ ಎದ್ದಿದ್ದಾಳಾ?" ಎಂದು ಕೇಳಿಕೊಂಡು ಬರತೊಡಗಿದ. ಬಸವನಹುಳದ ಹಾಡು ಅಲ್ಲಿಗೆ ನಿಂತಿತು.

ಈಗ ಮೊನ್ನೆಯ ಹಬ್ಬಕ್ಕೆ ಬರುತ್ತೇನೆ. ನಡುಬೇಸಿಗೆಯ ಸಂತ ಹಾನ್ಸನ ಸಂಜೆಗೆ ಬೆಂಕಿಯ ಮೇಲೆ ಕೂರಿಸುವ ಮಾಟಗಾತಿ ಬೊಂಬೆಯನ್ನು ಈ ವರ್ಷ ನಮ್ಮ ಅಂಗಳದ ಮಕ್ಕಳೇ ಮಾಡಬೇಕೆಂದು ಪ್ರೇಬೆನ್ ಹೇಳಿದ್ದ. ಅವನೇ ಬೆಂಕಿಯ ಯಜಮಾನ, ಸಮುದ್ರ ದಂಡೆಯಲ್ಲಿ ವಸಂತದಿಂದ ಸೌದೆ, ಕೊಂಬೆ, ಮುರಿದ ಕುರ್ಚಿ ಎಲ್ಲ ಒಟ್ಟುತ್ತಾ ಬಂದಿದ್ದ. ನಾವು ನನ್ನ ಹಳೆಯ ದಿಂಬಿನ ಚೀಲಕ್ಕೆ ಹುಲ್ಲು ತುರುಕಿ ತಲೆ ಮಾಡಿದೆವು, ಕಾಲುಚೀಲಗಳಲ್ಲಿ ಕೈಕಾಲು, ಅಡುಗೆಮನೆಯ ಪರದೆಯಲ್ಲಿ ಲಂಗ. ಕಪ್ಪು ರಟ್ಟಿನ ಟೋಪಿಗೆ ಪುಟ್ಟ ತಂಗಿಯರು ಅಂಟು ಹಚ್ಚಿದ್ದಕ್ಕಿಂತ ತಮ್ಮ ಕೂದಲಿಗೆ ಹಚ್ಚಿಕೊಂಡದ್ದೇ ಹೆಚ್ಚು. ಕಣ್ಣಿಗೆ ವಿಗ್ಗಾ ಎರಡು ಬೇರೆ ಬೇರೆ ಗುಂಡಿ ಆರಿಸಿದಳು. ಸೂಜಿಗೆ ತಾನೇ ದಾರ ಪೋಣಿಸಿ, ನಾಲಿಗೆ ಹೊರಗೆ ಹಾಕಿಕೊಂಡು, ತಾನೇ ಹೊಲಿದಳು. ಒಮ್ಮೆ ಬೆರಳಿಗೆ ಚುಚ್ಚಿತು. ನೋಡಿದಳು, ಚೀಪಿದಳು, ಮುಂದುವರಿಸಿದಳು.

ಮಾಟಗಾತಿ ಬೆಂಕಿಯಿಂದ ಹಾರಿ ಜರ್ಮನಿಯ ಬ್ಲೋಕ್ಸ್‌ಬೆರ್ಗ್ ಬೆಟ್ಟಕ್ಕೆ ಹೋಗುತ್ತಾಳೆಂದು ಮಾಲ್ಟೆ ಎಲ್ಲ ತಿಳಿದವನಂತೆ ಹೇಳಿದಾಗ ನಿನ್ನ ಮಗಳು ಬಹಳ ಹೊತ್ತು ಯೋಚಿಸಿದಳು. ಎದ್ದು ಅಡುಗೆಮನೆಗೆ ಹೋದಳು. ರೈ ಬ್ರೆಡ್ಡಿಗೆ ಲಿವರ್ ಪೇಸ್ಟ್ ಬಳಿದು, ಮೇಲೆ ಸೌತೆಕಾಯಿ ಇಟ್ಟು, ಕಾಗದದಲ್ಲಿ ಸುತ್ತಿ ತಂದು ಮಾಟಗಾತಿಯ ಲಂಗದ ಜೇಬಿಗೆ ಸೇರಿಸಿದಳು. "ದೂರ ಅಲ್ವಾ ಅಜ್ಜಿ, ದಾರಿಲಿ ಹಸಿವಾಗತ್ತೆ." ಶಾಲೆಗೆ ಬುತ್ತಿ ಕಟ್ಟಲು ಅವಳಿಗೆ ಬರುತ್ತದೋ ಎಂದು ನೀನು ಕೇಳಿದ್ದೆಯಲ್ಲ, ಅದಕ್ಕೆ ಇದು ಉತ್ತರ.

ಒಂದು ಚಿಂತೆ ಮಾತ್ರ ನನಗಿತ್ತು. ಪ್ರೇಬೆನ್ ಪ್ರತಿ ವರ್ಷವೂ ಮಾಟಗಾತಿಯ ಲಂಗದೊಳಗೆ ಕಿರುಚುವ ಪಟಾಕಿ ಇಡುತ್ತಾನೆ, ಬೆಂಕಿ ತಾಗಿದೊಡನೆ ಅವಳು ಕಿರುಚಲೆಂದು. ಆ ಸದ್ದಿಗೆ ವಿಗ್ಗಾಳನ್ನು ನಿಲ್ಲಿಸಬೇಡ, ಬೆಂಕಿ ಹಚ್ಚುವ ಮೊದಲೇ ಮನೆಗೆ ಕರೆದುಕೊಂಡು ಹೋಗು ಎಂದು ನೀನು ಎಚ್ಚರಿಸಿದ್ದೆ. ಅದಕ್ಕೇ ಅವಳ ಕಿವಿಗಿಡಲು ಜೇಬಿನಲ್ಲಿ ಹತ್ತಿ ಇಟ್ಟುಕೊಂಡು, ಹೊರಡಲು ತುದಿಗಾಲಲ್ಲಿ ನಿಂತಿದ್ದೆ.

ಊರೆಲ್ಲ ದಂಡೆಯಲ್ಲಿ ಸೇರಿತ್ತು. ಮಕ್ಕಳು ಕೋಲಿಗೆ ಹಿಟ್ಟು ಸುತ್ತಿಕೊಂಡು ಬ್ರೆಡ್ ಸುಡಲು ಕೆಂಡಕ್ಕಾಗಿ ಕಾಯುತ್ತಿದ್ದರು. ಪಾದ್ರಿ ಇಂಗೆಬೋರ್ಗ್ ಭಾಷಣದ ಕಾಗದ ಬಿಚ್ಚಿದ್ದರು. ಪ್ರೇಬೆನ್ ದೀವಟಿಗೆ ಹೊತ್ತಿಸಿದ. ಆಗ ನಿನ್ನ ಮಗಳು ನನ್ನ ಕೈ ಬಿಟ್ಟು, ಯಾರನ್ನೂ ಕೇಳದೆ ಮುಂದೆ ಹೋಗಿ ಸೌದೆಯ ರಾಶಿಗೂ ಅವನಿಗೂ ನಡುವೆ ನಿಂತಳು.

"ಪ್ರೇಬೆನ್ ತಾತ, ಹಚ್ಬೇಡಿ. ಇನ್ನೂ ಸೌದೆ ಸರಿಸಿಲ್ಲ."

ಇಲ್ಲಿಯ ಮಗುವಿಗೂ ಗೊತ್ತಿರುವ ಪದ್ಧತಿ ಅದು. ತಿಂಗಳುಗಟ್ಟಲೆ ಬಿದ್ದಿದ್ದ ರಾಶಿಯೊಳಗೆ ಮುಳ್ಳಿಲಿಗಳು ಮನೆ ಮಾಡಿರುತ್ತವೆ. ಮುಟ್ಟಿದರೆ ಓಡದೆ ಮುಳ್ಳಿನ ಉಂಡೆಯಾಗಿ ಕೂತುಬಿಡುವ ಬಡಪಾಯಿಗಳು. ಹಚ್ಚುವ ದಿನ ರಾಶಿಯನ್ನು ಒಂದೊಂದೇ ಕೊಂಬೆ ತೆಗೆದು ಪಕ್ಕಕ್ಕೆ ಮತ್ತೆ ಒಟ್ಟಬೇಕು. ಪ್ರೇಬೆನ್‌ನಿಗೆ ಈ ವರ್ಷ ಭುಜದ ನೋವು, ಸಹಾಯಕ್ಕೆ ಜನ ಸಿಕ್ಕ ದಿನವೇ ಕೆಲಸ ಮುಗಿಸಿಬಿಟ್ಟಿದ್ದ.

"ಭಾನುವಾರನೇ ಸರಿಸಿದೀವಿ ಕಣಮ್ಮಾ," ಎಂದ.

"ಭಾನುವಾರದಿಂದ ಇವತ್ತಿನ ತನಕ ಮುಳ್ಳಿಲಿಗೇನು ಕಾಲಿಲ್ವಾ?"

ಜನ ನಕ್ಕರು. ಅವಳು ನಗಲಿಲ್ಲ. ಹಿಂದಿನ ಸಂಜೆ ಏಡಿ ಹಿಡಿದು ಬರುವಾಗ ಒಂದು ಮುಳ್ಳಿಲಿ ಮುರಿದ ಕುರ್ಚಿಯ ಕೆಳಗೆ ಹೋದದ್ದನ್ನು ನೋಡಿದೆ, ಹೊರಗೆ ಬಂದದ್ದನ್ನು ನೋಡಿಲ್ಲ ಎಂದಳು. ಅಷ್ಟು ಜನರೆದುರು, ಅಷ್ಟು ಉದ್ದದ ಮಾತು. ಧ್ವನಿ ಸಣ್ಣದಿತ್ತು, ಆದರೆ ಒಂದು ಪದವೂ ನುಂಗಲಿಲ್ಲ.

"ಬೋದಿಲ್, ನಿನ್ ಮೊಮ್ಮಗಳನ್ನ ಈ ಕಡೆ ಕರ್ಕೋ. ಹೊತ್ತಾಗ್ತಿದೆ," ಎಂದು ಪ್ರೇಬೆನ್ ನನ್ನ ಕಡೆ ತಿರುಗಿದ.

ನಿಜ ಹೇಳುತ್ತೇನೆ, "ಬಾ ಪುಟ್ಟಿ" ಎನ್ನಲು ನಾನು ಬಾಯಿ ತೆರೆದಿದ್ದೆ. ನಾಚಿಕೆಯಾಗಿತ್ತು. ಅಷ್ಟರಲ್ಲಿ ಅವಳ ಮೊಣಕಾಲು ಕಂಡಿತು. ನಡುಗುತ್ತಿತ್ತು. ನಡುಗುತ್ತಲೇ ನಿಂತಿದ್ದಳು, ಒಂದು ಹೆಜ್ಜೆ ಹಿಂದೆ ಸರಿದಿರಲಿಲ್ಲ. ನಾನು ಬಾಯಿ ಮುಚ್ಚಿ ಕೋಟಿನ ತೋಳು ಮಡಚಿದೆ. "ನಾನ್ಯಾಕೆ ಕರ್ಕೊಳ್ಳಿ ಪ್ರೇಬೆನ್? ಅವಳು ಹೇಳೋದು ಸರಿಯಾಗೇ ಇದೆ," ಎಂದೆ. ನನಗಿಂತ ಮೊದಲು ಮಾಲ್ಟೆ ಒಂದು ಕೊಂಬೆ ಎಳೆದಾಗಿತ್ತು. ಪಾದ್ರಿ ಇಂಗೆಬೋರ್ಗ್ ಭಾಷಣವನ್ನು ಜೇಬಿಗೆ ತುರುಕಿ ಎರಡನೆಯದನ್ನು ಎಳೆದರು. ಆಮೇಲೆ ಹೇಳಬೇಕೇ, ಬಿಯರ್ ಬಾಟಲಿ ಮರಳಲ್ಲಿ ನೆಟ್ಟು ಊರೇ ಸಾಲಾಗಿ ನಿಂತಿತು. ಮಾಟಗಾತಿಯನ್ನು ಇಳಿಸಿ ನನ್ನ ಮಡಿಲಿಗೆ ಕೊಟ್ಟರು. ಒಬ್ಬರ ಕೈಯಿಂದ ಒಬ್ಬರ ಕೈಗೆ ಇಡೀ ರಾಶಿ ಪಕ್ಕಕ್ಕೆ ಹೋಯಿತು. ವಿಗ್ಗಾ ನೆಲಕ್ಕೆ ಬಗ್ಗಿ ಪ್ರತಿಯೊಂದು ಕಟ್ಟಿಗೆಯ ಅಡಿಯನ್ನೂ ನೋಡುತ್ತಿದ್ದಳು.

ಮುಳ್ಳಿಲಿ ಇರಲಿಲ್ಲ, ಟ್ರೀನೆ. ಒಂದೂ ಇರಲಿಲ್ಲ.

ಪ್ರೇಬೆನ್ ಬೆವರು ಒರೆಸಿಕೊಂಡು ಸೊಂಟದ ಮೇಲೆ ಕೈಯಿಟ್ಟ. "ಎಲ್ಲಮ್ಮಾ ನಿನ್ ಮುಳ್ಳಿಲಿ? ಇಷ್ಟೊಂದು ಜನರ ಸೊಂಟ ಮುರಿಸಿದ್ಯಲ್ಲ."

ಈಗ ಅಳುತ್ತಾಳೆ, ಓಡಿ ಬಂದು ನನ್ನ ಲಂಗದಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಮೊಣಕಾಲಿನ ಮರಳು ಕೊಡವಿಕೊಂಡು ಎದ್ದಳು.

"ಇಲ್ಲ ತಾತ. ಆಗ ಗೊತ್ತಿರ್ಲಿಲ್ಲ, ಈಗ ಗೊತ್ತಾಯ್ತು. ಈಗ ಹಚ್ಚಿ."

ಅಷ್ಟೇ. ಪ್ರೇಬೆನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಮುಂದಿನ ವರ್ಷ ಇವಳನ್ನ ಕೇಳ್ದೆ ನಾನು ಬೆಂಕಿ ಹಚ್ಚಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಈ ಭಾಗವನ್ನು ಅವನು ನಿನಗೆ ಹೇಳದಿದ್ದರೆ ನೀನೇ ಕೇಳು.

ಈ ಗಡಿಬಿಡಿಯಲ್ಲಿ ಅವಳನ್ನು ಮನೆಗೆ ಕರೆದೊಯ್ಯುವುದು ಮರೆತೇಹೋಯಿತು. ಮಾಟಗಾತಿ ಮೇಲೇರಿದ್ದಳು, ಜ್ವಾಲೆ ಲಂಗದ ಅಂಚಿಗೆ ಬಂದಿತ್ತು. ನಾನು ಹತ್ತಿ ಹುಡುಕುತ್ತಿದ್ದೆ. ವಿಗ್ಗಾ ಆಗಲೇ ಮಾಲ್ಟೆಯ ತಂಗಿಯರ ಮುಂದೆ ನಿಂತು ಹೇಳುತ್ತಿದ್ದಳು, "ಈಗ ಕಿರುಚ್ತಾಳೆ. ಅವಳಿಗೆ ನೋವಾಗಿ ಅಲ್ಲ, ಹೊರಟೆ ಅಂತ ಹೇಳೋದು. ಹಿಂಗೆ ಕಿವಿ ಮುಚ್ಕೊಳ್ಳಿ, ಆಗ ಚೆನ್ನಾಗಿರತ್ತೆ." ಪುಟ್ಟವರು ಮುಚ್ಚಿಕೊಂಡರು, ಮಾಲ್ಟೆ ಮುಚ್ಚಿಕೊಂಡ. ನೋಡಿದ ದೊಡ್ಡವರೂ ಮುಚ್ಚಿಕೊಂಡರು. ಕಿರುಚಾಟ ಎದ್ದಾಗ ನಮ್ಮ ಪಾದ್ರಿಯನ್ನೂ ಸೇರಿಸಿ ದಂಡೆಯ ತುಂಬ ಜನ ಕಿವಿಗೆ ಕೈಯಿಟ್ಟುಕೊಂಡು ನಗುತ್ತಾ ನಿಂತಿದ್ದರು. ಶಿಶುವಿಹಾರದಲ್ಲಿ ಯಾವುದನ್ನು ಕೊರತೆ ಎಂದರೋ ಅದನ್ನು ಅವಳು ಊರಿಗೆಲ್ಲ ಕಲಿಸಿದಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಪಕ್ಕದಲ್ಲಿದ್ದ ಗುರುತಿಲ್ಲದ ಪ್ರವಾಸಿಯೊಬ್ಬಳ ತೋಳು ಹಿಡಿದು "ಅದು ನನ್ನ ಮೊಮ್ಮಗಳು" ಎಂದುಬಿಟ್ಟೆ. ಅವಳು ಗಾಬರಿಯಾದಳು.

ವಿಗ್ಗಾ ನಿಧಾನ, ಹೌದು. ಶಾಲೆಯಲ್ಲಿ ಮೊದಲು ಕೈಯೆತ್ತುವವಳು ಅವಳಾಗಿರುವುದಿಲ್ಲ. ಗಲಾಟೆಯ ದಿನ ಮೂಲೆ ಹುಡುಕುತ್ತಾಳೆ, ಒಂದು ಮೂಲೆ ತೋರಿಸಿಕೊಡಿ ಎಂದು ಅಲ್ಲಿಯವರಿಗೆ ನೀನು ಹೇಳು. ಆದರೆ ನೋಡಬೇಕಾದದ್ದನ್ನು ನೋಡುತ್ತಾಳೆ, ಹೇಳಬೇಕಾದಾಗ ಹೇಳುತ್ತಾಳೆ, ತಪ್ಪಿದರೆ ತಪ್ಪಿತು ಎಂದು ಮಂಡಿ ಕೊಡವಿಕೊಂಡು ಏಳುತ್ತಾಳೆ. ಇದಕ್ಕಿಂತ ಹೆಚ್ಚಿನದನ್ನು ಹೊತ್ತು ಶಾಲೆಗೆ ಹೋದ ಮಗುವನ್ನು ನಾನು ಕಂಡಿಲ್ಲ. ಕಳಿಸು, ಟ್ರೀನೆ. ಆಗಸ್ಟ್‌ನಲ್ಲೇ ಕಳಿಸು.

ನಿನ್ನ ಪ್ರೀತಿಯ, ಈ ವಾರ ಊರಲ್ಲಿ ತಲೆಯೆತ್ತಿಕೊಂಡು ಓಡಾಡುತ್ತಿರುವ,
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಒಳಗಿಟ್ಟುಕೊಂಡಿದ್ದೆ. ನೀನು ಬಂದ ದಿನ ನಾವಿಬ್ಬರೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ವಿಗ್ಗಾಳ ಶಾಲೆಯ ಬಗ್ಗೆ ಆಡಿದ ಮಾತೆಲ್ಲ ಅವಳಿಗೆ ಕೇಳಿಸಿದೆ. ನೀನು ಅತ್ತದ್ದೂ. ಇಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಾಳೆ. ಇವತ್ತು ನಾನು ಬರೆಯುವುದನ್ನು ನೋಡಿ, "ನನ್ನ ಶಾಲೆ ವಿಷಯಾನಾ?" ಎಂದಳು. ಹೌದು, ಏನು ಬರೆಯಲಿ ಹೇಳು ಎಂದೆ. ಎಂದಿನಂತೆ ಬಹಳ ಹೊತ್ತು ಯೋಚಿಸಿದಳು. ಆಮೇಲೆ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ: "ನಾನು ರೆಡಿ ಇದೀನಿ ಅಂತ ಬರಿ. ಅಮ್ಮ ಇನ್ನೂ ರೆಡಿ ಆಗಿಲ್ಲ ಅಂದ್ರೆ, ನಾನು ಒಂದ್ ವರ್ಷ ಕಾಯ್ತೀನಿ."