ಅಪ್ಪನ ಸೊಂಟದ ಕತ್ತಿ ಮತ್ತು ದಕ್ಷಿಣ ಕೆರೊಲಿನಾದ ಹೊಸ ಪ್ರಮಾಣ

ಮಾನ್ಯ ಗವರ್ನರ್ ಅವರೇ,

ಬರುವ ಶನಿವಾರ ಕವಾಯತು ಮೈದಾನದಲ್ಲಿ ನಾನು ನನ್ನ ಅಪ್ಪನ ಸೊಂಟದಿಂದ ಕ್ಯಾಪ್ಟನ್ ಕತ್ತಿಯನ್ನು ಬಿಚ್ಚಿಕೊಳ್ಳಬೇಕೆಂದು ನಿಮ್ಮ ಕರ್ನಲ್ ಆಜ್ಞೆ ಕಳಿಸಿದ್ದಾರೆ. ಅದರ ಕೆಳಗೆ ನಿಮ್ಮ ಮೊಹರಿದೆ. ಓದಿ ಒತ್ತಿದಿರೋ, ಓದದೆ ಒತ್ತಿದಿರೋ?

ನಾನು ನಿಮ್ಮ ವಿರೋಧಿಯಲ್ಲ, ಅದೇ ನನ್ನ ನಾಚಿಕೆ. ಎರಡು ವರ್ಷದ ಹಿಂದೆ ನೇಗಿಲು ನಿಲ್ಲಿಸಿ ನಿಮ್ಮ ಪಕ್ಷದ ಕರಪತ್ರಗಳನ್ನು ಓದಿದವನು ನಾನು. ರಾಜ್ಯವೇ ಸಾರ್ವಭೌಮ, ಒಕ್ಕೂಟ ಬರಿಯ ಒಪ್ಪಂದ. ವಾಷಿಂಗ್ಟನ್ನಿನ ಕಾನೂನು ಅನ್ಯಾಯವೆನಿಸಿದರೆ ರಾಜ್ಯ ಅದನ್ನು ರದ್ದು ಮಾಡಬಹುದು, ಬೇಕಾದರೆ ಒಕ್ಕೂಟದಿಂದಲೇ ಹೊರನಡೆಯಬಹುದು. ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ನಿಮ್ಮವರ ನೀಲಿ ಬಿಲ್ಲೆಯನ್ನು ಟೋಪಿಗೆ ಸಿಕ್ಕಿಸಿಕೊಂಡು ಚರ್ಚಿಗೂ ಹೋಗಿದ್ದೆ. ಪರದೇಶದ ಸರಕಿಗೆ ವಾಷಿಂಗ್ಟನ್ ಹಾಕಿದ ಸುಂಕದ ಜಗಳ ಕಳೆದ ವರ್ಷವೇ ರಾಜಿಯಾಯಿತು. ಆಮೇಲೆ ನೀವು ನಾಗರಿಕರ ಸೇನಾದಳದ ಅಧಿಕಾರಿಗಳಿಗೆ ಹೊಸ ಪ್ರಮಾಣ ತಂದಿರಿ: ನಿಷ್ಠೆ ರಾಜ್ಯಕ್ಕೆ. ಜಗಳ ಮುಗಿದ ಮೇಲೆ ಈ ಪ್ರಮಾಣ ಯಾರ ಮೇಲೆ ಯುದ್ಧಕ್ಕೆ? ಆಗ ನಾನು ಕೇಳಲಿಲ್ಲ. ನಮ್ಮ ತುಕಡಿಯಲ್ಲಿ ಮುಂದೆ ಓಡಿ ಮೊದಲು ಪ್ರಮಾಣ ಮಾಡಿದ ಲೆಫ್ಟಿನೆಂಟ್ ನಾನೇ.

ನಮ್ಮ ಬೆಟ್ಟದ ಸೀಮೆಯಲ್ಲಿ ಕ್ಯಾಪ್ಟನ್ನನ್ನು ಆರಿಸುವುದು ಕಾಲಿನಿಂದ. ಯಾರು ಬೇಕೋ ಅವರ ಬೆನ್ನ ಹಿಂದೆ ಹೋಗಿ ನಿಲ್ಲುತ್ತೇವೆ. ಮಾರ್ಚ್ ತಿಂಗಳಲ್ಲಿ ಐವತ್ತೆರಡು ಜನರಲ್ಲಿ ನಲವತ್ತೇಳು ಜನ ನನ್ನ ಅಪ್ಪ ಆಸಾ ಗಿಲ್‌ಕ್ರಿಸ್ಟ್ ಹಿಂದೆ ನಿಂತರು, ಕ್ಯಾಪ್ಟನ್ ಕತ್ತಿಯನ್ನು ಅವರ ಸೊಂಟಕ್ಕೆ ಕಟ್ಟಿದರು. ಕರ್ನಲ್ ಪ್ರಮಾಣದ ಕಾಗದ ಚಾಚಿದರು.

"ಒಂದ್ಸಲ ಪ್ರಮಾಣ ಮಾಡಿದ್ದೀನಲ್ಲ ಸ್ವಾಮಿ, ಇಪ್ಪತ್ತು ವರ್ಷದ ಕೆಳಗೆ, ಇಡೀ ದೇಶಕ್ಕೆ," ಎಂದರು ಅಪ್ಪ. "ಅದನ್ನ ವಾಪಸ್ ತಗೊಳ್ಳೋದು ಹೇಗೆ ಅಂತ ನಂಗೆ ಯಾರೂ ಹೇಳಿಕೊಟ್ಟಿಲ್ಲ."

"ಹಾಗಾದ್ರೆ ಜಾಗ ಖಾಲಿ. ಬೇರೆಯವನನ್ನ ಆರಿಸ್ರಿ!"

ಈ ಸಲ ಐವತ್ತೆರಡೂ ಜನ ಅಪ್ಪನ ಹಿಂದೆ ಬಂದರು, ನೀಲಿ ಬಿಲ್ಲೆಯ ಐವರೂ ಸೇರಿ. ಗಾಡಿ ಹೊಡೆಯುವ ಟೋಬಿಯಸ್ ಕೂಗಿದ: "ಕರ್ನಲ್ರೇ, ನಿಮ್ ಆರ್ಡರ್ ರದ್ದು ಮಾಡಿದ್ವಿ! ನೀವೇ ಕಲಿಸಿದ ವಿದ್ಯೆ ಅಲ್ವಾ!" ಮೈದಾನವೆಲ್ಲ ನಕ್ಕಿತು. ನಾನು ಮಾತ್ರ ಕರ್ನಲ್ ಪಕ್ಕದಲ್ಲಿ ಅಲ್ಲಾಡದೆ ನಿಂತಿದ್ದೆ. ಅವರು ಚುನಾವಣೆಯ ಹಾಳೆಗೆ ಅಡ್ಡಗೀಟು ಎಳೆದು ನನ್ನ ಹೆಸರು ಬರೆದರು.

ಕತ್ತಿಯ ಆಜ್ಞೆ ಬಂದ ದಿನ ಮನೆಗೆ ಹೋದರೆ ಅಪ್ಪ ಜೋಳದ ರೊಟ್ಟಿ ಮುರಿಯುತ್ತಿದ್ದರು. "ಬಾರಯ್ಯ ಕ್ಯಾಪ್ಟನ್. ಊಟಕ್ಕೂ ರಾಜ್ಯದ ಅಪ್ಪಣೆ ಬೇಕೋ?" ಆಮೇಲೆ ತಲೆಯೆತ್ತದೆ ಹೇಳಿದರು: "ಶನಿವಾರ ನೀನು ಕೇಳಿದ್ರೆ ನಾನು ಕೊಡಲ್ಲ ಮಗ. ಕಿತ್ಕೋಬೇಕು ನೀನು."

ಈಗ ಹೇಳಿ. ಇಪ್ಪತ್ತನಾಲ್ಕು ರಾಜ್ಯಗಳಲ್ಲಿ ಒಂದು ರಾಜ್ಯ 'ಒಲ್ಲೆ' ಎಂದರೆ ಅದು ಸ್ವಾತಂತ್ರ್ಯ. ಐವತ್ತೆರಡು ಜನ 'ಒಲ್ಲೆವು' ಎಂದರೆ ಅದು ದಂಗೆ ಹೇಗಾಯಿತು? ಸಾರ್ವಭೌಮತ್ವ ವಾಷಿಂಗ್ಟನ್ನಿನಿಂದ ಇಳಿದು ಬಂದು ಸರಿಯಾಗಿ ನಿಮ್ಮ ಮೇಜಿನ ಮೇಲೆಯೇ ನಿಂತುಬಿಟ್ಟಿತೇ? ಸುಂಕ ಬರಿಯ ನೆಪ. ಒಕ್ಕೂಟದ ಕೈ ಒಂದು ದಿನ ನಿಮ್ಮ ಗುಲಾಮರ ಬೇಡಿಯವರೆಗೂ ಚಾಚೀತೆಂಬುದೇ ಕರಾವಳಿಯ ದೊಡ್ಡ ಜಮೀನುದಾರರ ಭಯ. ನಿಮ್ಮ ಕರಪತ್ರಗಳು ಸ್ವಾತಂತ್ರ್ಯ ಎಂದ ಕಡೆಯೆಲ್ಲ ಆ ಗುಲಾಮರನ್ನು, ಎಂದರೆ ರಾಜ್ಯದ ಅರ್ಧಕ್ಕಿಂತ ಹೆಚ್ಚು ಜನರನ್ನು, ಲೆಕ್ಕದಿಂದ ಬಿಟ್ಟಿದ್ದವು. ನಾನೂ ಬಿಟ್ಟೇ ಓದಿದ್ದೆ.

ಆದ್ದರಿಂದ ಶನಿವಾರದೊಳಗೆ ಈ ಪ್ರಮಾಣವನ್ನು ಹಿಂತೆಗೆದುಕೊಳ್ಳಿ; ಜನ ಆರಿಸಿದವನಿಗೆ ಅಧಿಕಾರಪತ್ರ ಕಳಿಸಿ. ಆಗದಿದ್ದರೆ ಕತ್ತಿ ಬಿಚ್ಚಲು ನೀವೇ ಬನ್ನಿ. ನೀವು ಕೊಟ್ಟ ಕ್ಯಾಪ್ಟನ್ ಪದವಿಯ ಪತ್ರವನ್ನು ಇದರೊಳಗೆ ಮಡಚಿ ಇಟ್ಟಿದ್ದೇನೆ. ಮಾಡಿದ ಪ್ರಮಾಣ ಮುರಿದದ್ದಕ್ಕೆ ನಿಮ್ಮ ಸೈನಿಕ ನ್ಯಾಯಾಲಯ ನನ್ನನ್ನು ಕರೆಯಲಿ, ಬರುತ್ತೇನೆ. ಆದರೆ ಶನಿವಾರ ನನ್ನನ್ನು ಹುಡುಕಬೇಕಾದರೆ ಅಪ್ಪನ ಎದುರಿಗಲ್ಲ, ಹಿಂದೆ ನೋಡಿ. ಐವತ್ತಮೂರನೆಯವನಾಗಿ ನಿಂತಿರುತ್ತೇನೆ.

ಇಂತಿ,
ನಿಮ್ಮ ಮಾತನ್ನು ನಿಮಗಿಂತ ಹೆಚ್ಚು ನಂಬಿ ಕೆಟ್ಟ
ಲೆಮ್ಯುಯೆಲ್ ಗಿಲ್‌ಕ್ರಿಸ್ಟ್
ಏಪ್ರಿಲ್ ೧೮೩೪