ಕಿತ್ತಳೆ ಕೋಣೆಯಲ್ಲಿಟ್ಟ ಬಾಳೆಹಣ್ಣು

ನಾಗಪುರ, ಭಾನುವಾರ

ದೊಡ್ಡಮ್ಮನಿಗೆ ನಿಶ್ಮಿತಾಳ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಅದಕ್ಕೇ ಈ ಕಾರ್ಡು. ಸಿದ್ದಾಪುರದಿಂದ ನೀವು ಕಳಿಸಿದ ಬಾಳೆಹಣ್ಣನ್ನು ಇಲ್ಲಿ ಹೋಟೆಲ್ ನಡೆಸುವ ಅಜಿತಣ್ಣ ತಲುಪಿಸಿದರು. "ತಂಪಂಗ್ ಇಟ್ಕಂಡ್ ದಿನಕ್ಕೊಂದ್ ತಿನ್ಕ್ ಅಂದಿರ್, ಕಾಣ್" ಎಂದು ನಿಮ್ಮ ಮಾತನ್ನೂ ಮುಟ್ಟಿಸಿದರು. ನಾನು ಕೆಲಸ ಮಾಡುವ ಕಿತ್ತಳೆ ಗೋದಾಮಿಗಿಂತ ತಂಪು ಜಾಗ ಯಾವುದಿದೆ? ಚೀಲವನ್ನು ಅಲ್ಲೇ ಮೂಲೆಯಲ್ಲಿಟ್ಟು ದಿನಕ್ಕೊಂದು ತಿಂದೆ.

ಎಂಟನೆಯ ದಿನ ನೋಡಿದರೆ ಪಕ್ಕದ ಬುಟ್ಟಿಗಳ ಕಿತ್ತಳೆಯ ಹಸಿರು ತೊಟ್ಟೆಲ್ಲ ಕಂದಿ ಉದುರಿತ್ತು. ಮಾಗಿದ ಬಾಳೆಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದಂತೆ. ಅದು ತಾಗಿದರೆ ಕಿತ್ತಳೆಗೆ ಸಿಹಿ ಹೆಚ್ಚುವುದಿಲ್ಲ, ಮುಪ್ಪು ಮಾತ್ರ ಬರುತ್ತದೆ. ಕಾಯಿ ಹಣ್ಣಾಗಲೆಂದು ನೀವು ಅಕ್ಕಿ ಡಬ್ಬದಲ್ಲಿ ಕಾಯಿಗಳ ನಡುವೆ ಒಂದು ಮಾಗಿದ ಹಣ್ಣಿಡುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು, ನನಗೇ ಹೊಳೆಯಲಿಲ್ಲ.

ಆಚೆ ಕೋಣೆಯ ಕಿತ್ತಳೆಗೆ ಆ ಅನಿಲ ನಾಟದಂತೆ ಮದ್ದು ಕೊಟ್ಟಿದ್ದಾರೆ. ತಿಂಗಳಾದರೂ ತೊಟ್ಟು ಹಸಿರಾಗಿಯೇ ಇದೆ. ಪಕ್ಕದಲ್ಲಿ ಯಾವ ಊರಿನ ಹಣ್ಣು ಬಂದು ಕೂತರೂ ಅವಕ್ಕೆ ಗೊತ್ತೇ ಆಗುವುದಿಲ್ಲ.

ಮೇಲ್ವಿಚಾರಕಿ ಬೈದು, ಉಳಿದ ಐದು ಬಾಳೆಹಣ್ಣನ್ನು ಎಸೆಯಲು ಹೇಳಿದರು. ಗೇಟಿನ ಹೊರಗೆ ನಿಂತು ಐದನ್ನೂ ತಿಂದೆ. ಸಿಪ್ಪೆ ಕಪ್ಪಾಗಿತ್ತು, ಒಳಗೆ ನಮ್ಮನೆಯದೇ ರುಚಿ.

ತಂಪಿಗೆ ಹಿಡಿದ ಕೆಮ್ಮು ಕಾಳುಮೆಣಸಿನ ಕಷಾಯಕ್ಕೆ ಇಳಿದಿದೆ. ಇನ್ನು ಮೇಲೆ ಹಲಸಿನ ಹಪ್ಪಳ ಕಳಿಸಿ, ಅದರಿಂದ ಯಾರಿಗೂ ತೊಂದರೆಯಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ ಚೀಲ ನನ್ನ ತಲೆದಿಂಬಿನ ಪಕ್ಕದಲ್ಲಿದೆ. ಇನ್ನೂ ತೊಳೆದಿಲ್ಲ.

ನಿಶ್ಮಿತಾ