ಅಕ್ಕನ ವಿಮಾನದ ಅರ್ಜಿ

ಗಂಗಾವತಿ
28 ಆಗಸ್ಟ್ 1986

ಅಕ್ಕಾ,

ಪತ್ರದಲ್ಲಿ ಮೊದಲು ಕ್ಷೇಮ ಬರೆಯಬೇಕು, ಆಮೇಲೆ ಮಳೆ ಬೆಳೆ, ಆಮೇಲೆ ವಿಷಯ ಎಂದು ನೀನೇ ನನಗೆ ಕಲಿಸಿದ್ದು. ನಾವೆಲ್ಲ ಕ್ಷೇಮ. ಕಾಲುವೆಗೆ ನೀರು ಬಿಟ್ಟಿದ್ದಾರೆ, ಭತ್ತದ ನಾಟಿ ಮುಗಿಯಿತು. ವಿಷಯ ಮಾತ್ರ ಹದಿಮೂರು ವರ್ಷ ಹಳೆಯದು. ಅದನ್ನು ಬರೆಯಲು ಕುಳಿತು ಇದು ನಾಲ್ಕನೆಯ ಹಾಳೆ. ಮೊದಲಿನ ಮೂರು ಒಲೆಗೆ ಹೋದವು.

ನಾನು ಹುಬ್ಬಳ್ಳಿಯಲ್ಲಿ ಓದುವಾಗ ನನ್ನ ಪತ್ರಗಳನ್ನು ನೀನು ಕೆಂಪು ಮಸಿಯಲ್ಲಿ ತಿದ್ದಿ ಅದೇ ಟಪಾಲಿಗೆ ವಾಪಸು ಕಳಿಸುತ್ತಿದ್ದೆ. ರೂಮಿನ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಈ ಪತ್ರದಲ್ಲೂ ತಿದ್ದುವುದು ಬಹಳ ಇದೆ. ಓದಿ ಮುಗಿಯುವ ತನಕ ಪೆನ್ನು ಕೆಳಗಿಡು, ಇದೊಂದು ಮಾತು ನಡೆಸಿಕೊಡು.

ನಾನು ದಣಿದಿದ್ದೇನೆ, ಅಕ್ಕಾ. ಬ್ಯಾಂಕಿನ ಕೆಲಸಕ್ಕೆ ಯಾರೂ ಸಾಯುವುದಿಲ್ಲ, ತಲೆಯ ಮೇಲೆ ಫ್ಯಾನಿದೆ, ನಾಲ್ಕು ಗಂಟೆಗೆ ಚಹಾ ಬರುತ್ತದೆ. ಆದರೂ ಸಂಜೆ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರೆ ಏಳಲು ಮನಸ್ಸಾಗುವುದಿಲ್ಲ. ಇಡೀ ದಿನ ಇನ್ನೊಬ್ಬರ ಬದುಕನ್ನು ಹೌದು, ಇಲ್ಲ ಎಂದು ಫಾರ್ಮಿನಲ್ಲಿ ತುಂಬಿ ತುಂಬಿ, ನನ್ನ ಹೌದು ಯಾವುದು, ಇಲ್ಲ ಯಾವುದು ಎನ್ನುವುದೇ ಮರೆತಂತಾಗಿದೆ.

ಈ ವರ್ಷ ಸಂಕ್ರಾಂತಿ ಆಗುತ್ತಿದ್ದಂತೆ ನಮ್ಮ ದೊಡ್ಡ ಕಚೇರಿಯಿಂದ ಒಂದು ಪೆಟ್ಟಿಗೆ ತುಂಬ ಅರ್ಜಿಗಳು ಬಂದದ್ದು ನಿನಗೆ ಗೊತ್ತೇ ಇದೆ. ಕ್ರೆಡಿಟ್ ಕಾರ್ಡ್. ಕಿಸೆಯಲ್ಲಿ ರೊಕ್ಕ ಇಲ್ಲದೆ ಅಂಗಡಿಯಲ್ಲಿ ಕಾರ್ಡು ತೋರಿಸಿ ಸಾಮಾನು ತರಬಹುದು, ತಿಂಗಳಾದ ಮೇಲೆ ಬ್ಯಾಂಕಿಗೆ ಕಟ್ಟಬೇಕು. ಖರೀದಿ ಮಾಡಿದ್ದಕ್ಕೆಲ್ಲ ಅಂಕ ಕೊಡುತ್ತಾರೆ, ಅಂಕ ತುಂಬಿದರೆ ವಿಮಾನದ ಟಿಕೆಟ್ ಪುಕ್ಕಟೆ. ದೊಡ್ಡ ಪಟ್ಟಣದವರಿಗೆ ಮಾಡಿದ ಯೋಜನೆ, ಅಕ್ಕಿ ಗಿರಣಿಗಳ ಊರೆಂದು ಗಂಗಾವತಿಗೂ ಕಳಿಸಿದ್ದರು. ಮ್ಯಾನೇಜರು ಆ ಪೆಟ್ಟಿಗೆಯನ್ನು ನನ್ನ ಟೇಬಲ್ಲಿನ ಪಕ್ಕಕ್ಕೆ ಇಡಿಸಿ, "ಉಮಾಪತಿ, ನಿಮಗ ಊರ ಮಂದಿ ಎಲ್ಲಾ ಗೊತ್ತು. ನೀವ ನೋಡ್ಕೋರಿ" ಎಂದು ಕೈ ತೊಳೆದುಕೊಂಡರು.

ಅಂದಿನಿಂದ ನನ್ನ ಮುಂದೆ ದಿನಾ ಅವೇ ಪ್ರಶ್ನೆಗಳು. ಗಿರಣಿಯ ಓಬಳೆಪ್ಪ ಬಂದು, "ಈ ಕಾರ್ಡ ತೋರಿಸಿದ್ರ ಕಿಡಕಿ ಬಾಜೂಕ ಕುಂದ್ರಸ್ತಾರೇನ್ರಿ?" ಎಂದ. ವರಮಾನ ಎಷ್ಟು ಎಂದು ಕೇಳಿದರೆ ಬಾಗಿಲ ಕಡೆ ನೋಡಿ, "ಕಮ್ಮಿ ಬರೀರಿ, ಟ್ಯಾಕ್ಸಿನವರು ಓದಿದ್ರ?" ಎಂದ. ಕಮ್ಮಿ ಬರೆದರೆ ಕಾರ್ಡು ಬರುವುದಿಲ್ಲ ಎಂದೆ. "ಹಂಗಾರ ನಿಮಗ ಹೆಚ್ಚ ಬರೀರಿ, ಅವರಿಗೆ ಕಮ್ಮಿ ಬರೀರಿ" ಎಂದ. ಕಾಸೀಮಬೀ ಎನ್ನುವ ಹಿರಿಯಾಕೆ ಗೋಡೆ ಹಿಡಿದುಕೊಂಡು ಬಂದು, "ನನ್ನ ಮಗಾ ದುಬೈದಾಗ ಅದಾನ್ರೀ ಸಾಹೇಬ್ರ, ನಾಕ ವರ್ಷ ಆತು. ಈ ಕಾರ್ಡಿಲೇ ಅವನ್ನ ಕರಸ್ಕೋಬೌದೇನ್ರಿ?" ಎಂದಳು. ಆಗುವುದಿಲ್ಲಮ್ಮಾ ಎಂದೆ. ಮರುವಾರ ಮತ್ತೆ ಬಂದು ಅದನ್ನೇ ಕೇಳಿತು ಆ ಜೀವ.

ಫೆಬ್ರವರಿಯಲ್ಲಿ ಯಲಬುರ್ಗಾದಿಂದ ನೀನು ಬಂದೆ. ಮನೆಗೆ ಹೋಗದೆ ನೆಟ್ಟಗೆ ಬ್ಯಾಂಕಿಗೇ ಬಂದು, ನನ್ನ ಎದುರಿನ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟು ಕುಳಿತೆ. "ಎಲ್ಲಾರಿಗೂ ಹೇಳೂದ ನನಗೂ ಹೇಳಪಾ, ಅಕ್ಕ ಅಂತ ರಿಯಾಯ್ತಿ ಬ್ಯಾಡ" ಎಂದೆ. ಸಂತೆಯಲ್ಲಿ ಬದನೆಕಾಯಿ ಮಾರುವ ಕರಿಯವ್ವ ಈ ಕಾರ್ಡು ತೆಗೆದುಕೊಳ್ಳುತ್ತಾಳೇನು ಎಂದು ಕೇಳಿದೆ. ಇಲ್ಲ, ಹತ್ತಿರ ಅಂದರೆ ಹೊಸಪೇಟೆಯ ಒಂದು ಬಟ್ಟೆ ಅಂಗಡಿ ಎಂದೆ ನಾನು. ಅಂಕ ಯಾರು ಕೂಡಿಸುತ್ತಾರೆ, ತಪ್ಪಾಗಿ ಕೂಡಿಸಿದರೆ ಯಾರನ್ನು ಕೇಳಬೇಕು ಎಂದೆ ನೀನು. ಕೊನೆಗೆ, "ಅರ್ಜಿ ನಪಾಸಾದ್ರ ಮತ್ತ ಕಟ್ಟಬೌದೇನು?" ಎಂದೆ. ಆರು ತಿಂಗಳ ಮೇಲೆ ಕಟ್ಟಬಹುದು ಎಂದೆ ನಾನು. ಪಕ್ಕದ ಟೇಬಲ್ಲಿನವರೆಲ್ಲ ನಕ್ಕರು, ನಾನೂ ನಕ್ಕೆ.

ಆಮೇಲೆ ನೀನು ದನಿ ತಗ್ಗಿಸಿ ಹೇಳಿದ್ದಕ್ಕೆ ನಾನು ನಗಲಿಲ್ಲ. ಮೂರನೆಯ ಇಯತ್ತೆಗೆ ವಿಮಾನದ ಪಾಠ ಇದೆಯಲ್ಲ, ಪ್ರತಿ ವರ್ಷ ಹಲಗೆಯ ಮೇಲೆ ನೀನು ಅದರ ಚಿತ್ರ ಬರೆಯುತ್ತಿದ್ದೆ. ಮಕ್ಕಳು ಕೇಳುತ್ತಿದ್ದವು, ಒಳಗೆ ನಿಲ್ಲಬಹುದೇನ್ರಿ, ಮೇಲಿನಿಂದ ನಮ್ಮೂರು ಕಾಣುತ್ತದೇನ್ರಿ, ಉಚ್ಚೆ ಬಂದರೆ ಏನು ಮಾಡುತ್ತಾರ್ರಿ. ಒಂದು ವರ್ಷ ಹುಲಗಮ್ಮ ಎನ್ನುವ ಹುಡುಗಿ ಎದ್ದು ನಿಂತು, "ಅಕ್ಕೋರ, ನೀವು ಹತ್ತೀರೇನ್ರಿ?" ಎಂದಿದ್ದಳಂತೆ. ನಿನ್ನ ಬಾಯಿಂದ "ಹತ್ತೇನಿ" ಎಂದು ಬಂದುಬಿಟ್ಟಿತಂತೆ.

"ಇಪ್ಪತ್ತೆರಡ ವರ್ಷದಾಗ ಮಕ್ಕಳ ಮುಂದ ಅದೊಂದ ಸುಳ್ಳ ಹೇಳೇನಿ ತಮ್ಮಾ. ಬರೂ ವರ್ಷ ಮೇದಾಗ ರಿಟೈರ್ ಆಗ್ತೇನಿ. ಅದರೊಳಗ ಅದನ್ನ ಖರೇ ಮಾಡಬೇಕು ನೋಡು."

ಹಾಗೆ ನೀನು ಹೇಳುವಾಗ ನನಗೆ ಮುನಿರಾಬಾದು ನೆನಪಾಯಿತು. ಡ್ಯಾಮಿನ ಕೆಲಸ ಆಗಷ್ಟೇ ಶುರುವಾದ ಕಾಲ, ಅಪ್ಪ ನಮ್ಮಿಬ್ಬರನ್ನೂ ಚಕ್ಕಡಿಯಲ್ಲಿ ನೋಡಲು ಕರೆದುಕೊಂಡು ಹೋಗಿದ್ದ. ಹೊಳೆಯ ಮೇಲೆ ಒಂದು ವಿಮಾನ ಬಂತು. ನೀನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅದರ ಹಿಂದೆ ಓಡಿದೆ. ಹೆದರಿ ನಾನು ಎರಡೂ ಕೈಯಿಂದ ನಿನ್ನ ಕಣ್ಣು ಮುಚ್ಚಿ ಹಿಡಿದಿದ್ದೆ. ನಾನು ನೋಡಿದೆ, ನೀನು ನೋಡಲಿಲ್ಲ.

ನಿನ್ನ ಫಾರ್ಮು ನಾನೇ ತುಂಬಿದೆ. ಹೆಸರು ಶೇಖರಮ್ಮ, ಉದ್ಯೋಗ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸಂಬಳದ ಕಾಲಂ ಬಂದಾಗಲೇ ಗೊತ್ತಾಯಿತು, ಇಷ್ಟು ಸಂಬಳಕ್ಕೆ ಕೊಡುವುದಿಲ್ಲ. ಆದರೆ ಸಂಬಳ ಕಡಿಮೆ ಇದ್ದವರಿಗೆ ಸ್ವಂತ ಹೊಲ ಮನೆ ಇದ್ದರೆ ನಡೆಯುತ್ತಿತ್ತು. ಅದು ಹನ್ನೊಂದನೆಯ ಕಾಲಂ. ನಾನು ಅಲ್ಲಿ ತಡೆದದ್ದನ್ನು ನೋಡಿ, "ಏನ ಕೇಳ್ಯಾರ ಅಲ್ಲೆ?" ಎಂದೆ ನೀನು. ಆಸ್ತಿ ಐತೇನು ಅಂತ ಕೇಳ್ಯಾರ ಎಂದೆ ನಾನು. "ಪಾಟಿ ಬಳಪ ಅಂತ ಬರಿ" ಎಂದು ನೀನು ನಕ್ಕೆ. ನಾನು ಇಲ್ಲ ಎಂದು ಬರೆದೆ. ನೀನು ಓದದೆ ಸೈ ಮಾಡಿದೆ.

ಇದೆ, ಅಕ್ಕಾ. ಶ್ರೀರಾಮನಗರದ ದಾರಿಯಲ್ಲಿ, ಕಾಲುವೆಗೆ ಹತ್ತಿದ ಏಳು ಎಕರೆ ಗದ್ದೆ ನಿನ್ನ ಹೆಸರಿನಲ್ಲಿದೆ. ಹದಿಮೂರು ವರ್ಷದಿಂದ ಇದೆ.

ಎಪ್ಪತ್ಮೂರರಲ್ಲಿ ಊರಿನಲ್ಲೆಲ್ಲ ಒಂದೇ ಸುದ್ದಿ. ಒಬ್ಬರ ಹೆಸರಿನಲ್ಲಿ ಇಷ್ಟಕ್ಕಿಂತ ಹೆಚ್ಚು ಹೊಲ ಇರಕೂಡದು ಎನ್ನುವ ಕಾನೂನು ಬರುತ್ತದೆ, ಹೆಚ್ಚಿನದು ಸರ್ಕಾರಕ್ಕೆ ಹೋಗುತ್ತದೆ ಎಂದು. ಎಲ್ಲರೂ ಅಳಿಯನ ಹೆಸರಿಗೆ, ಬೀಗರ ಹೆಸರಿಗೆ ಬರೆಸತೊಡಗಿದರು. ಅಪ್ಪನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ, ನಿನ್ನ ಮೇಲೆ ಇತ್ತು. ನಂಬಿಕೆ ಇದ್ದವರಿಗೇ ಮೋಸ ಮಾಡುವುದು ಸಸಾರ, ಬೇರೆಯವರು ಕಾಗದ ಓದುತ್ತಾರೆ.

ಕಾಗದ ಬರೆದವನು ತಾಲೂಕು ಕಚೇರಿಯ ಮುಂದೆ ಕೂಡುವ ವೆಂಕೋಬ. ಮಗಳಿಗೆ ಹೊಲ ಕೊಡುವ ಕಾಗದಕ್ಕೆ ನಮ್ಮ ಕಡೆ ಒಂದೇ ಮಾತು, ಅರಿಶಿನ ಕುಂಕುಮದ ಬಾಬತ್ತು ಕೊಟ್ಟಿದ್ದೇನೆ ಎಂದು. ಆತ ರೂಢಿಯಂತೆ ಅದನ್ನೇ ಬರೆದ. ನಿನ್ನ ಯಜಮಾನರು, ನಮ್ಮ ಮಾವ, ತೀರಿಕೊಂಡು ಆಗಲೇ ಒಂಬತ್ತು ವರ್ಷ. ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟ. ವೆಂಕೋಬ, "ಬ್ಯಾರೇ ಮಾತ ಬರದ್ರ ಆಫೀಸಿನ್ಯಾಗ ನೂರಾ ಎಂಟ ಕೇಳ್ತಾರ್ರೀ ಯಜಮಾನ್ರ" ಎಂದ. ಅಪ್ಪ ನನ್ನ ಕಡೆ ತಿರುಗಿ, "ಇರಲಿ. ಆಕಿ ಓದಬಾರದು ಅಷ್ಟ. ಸೈ ತಗೊಂಡ ಬಾ" ಎಂದ.

ಹಾಗೆ ನಾನು ಯಲಬುರ್ಗಾಕ್ಕೆ ಬಂದೆ. ನಿನಗೆ ಹೇಳಿದ್ದೇನು, ನೆನಪಿದೆಯಾ? ಅಪ್ಪನ ಹೊಲದಲ್ಲಿ ನನಗೆ ಪಾಲು ಬೇಡ, ತಕರಾರು ಇಲ್ಲ ಎಂದು ನೀನು ಬರೆದುಕೊಡುವ ಕಾಗದ ಇದು ಎಂದೆ. ಹೊಲ ಒಪ್ಪಿಕೊಳ್ಳುವ ಕಾಗದವನ್ನು ಹೊಲ ಬಿಟ್ಟುಕೊಡುವ ಕಾಗದ ಎಂದೆ. ನೀನು ಓದಬಾರದು ಎನ್ನುವುದು ಅಪ್ಪನ ಮಾತು, ಸುಳ್ಳು ಕಟ್ಟಿದ್ದು ನನ್ನ ಜಾಣತನ. ನೀನು ಶಾಲೆಯ ಬೇವಿನ ಗಿಡದ ಕೆಳಗೆ ಒಂದು ಹುಡುಗನ ಪಾಟಿ ಇಸಿದುಕೊಂಡು, ಅದರ ಮೇಲೆ ಕಾಗದ ಇಟ್ಟು, "ನಾ ಎಂದ ಕೇಳೇನಿ ಪಾಲು? ಎಲ್ಲೆ ಹಾಕಬೇಕು ತೋರಸು" ಎಂದೆ. ನಾನು ಬೆರಳಿಟ್ಟು ತೋರಿಸಿದೆ. ಬಸ್ಸಿಗೆ ಹೊತ್ತಾಗುತ್ತದೆ, ಎರಡು ರೊಟ್ಟಿ ತಿಂದು ಹೋಗು ಎಂದು ಕೈ ಹಿಡಿದು ಕರೆದುಕೊಂಡು ಹೋದೆ ನೀನು.

ಅಪ್ಪ ಹೋದ ಮೇಲಾದರೂ ಹೇಳಬಹುದಿತ್ತು. ಈ ಸುಗ್ಗಿ ಆಗಲಿ, ಮನೆ ಕಟ್ಟುವುದು ಮುಗಿಯಲಿ, ಹುಡುಗರ ಫೀಸು ಕಟ್ಟಿದ ಮೇಲೆ ಹೇಳೋಣ ಎಂದುಕೊಂಡೇ ದಿನ ತಳ್ಳಿದೆ. ಮನೆಗಾಗಿ ಅಪ್ಪನ ಹೆಸರಿನ ಹೊಲ ಮಾರಿದೆ. ಉಳಿದು ನಮ್ಮನ್ನು ಸಾಕಿದ್ದು ನಿನ್ನ ಏಳು ಎಕರೆ. ವರ್ಷಕ್ಕೊಮ್ಮೆ ಪಂಚಮಿಗೆ ನೀನು ಉಂಡಿ ಡಬ್ಬಿ ಹಿಡಿದುಕೊಂಡು ಬರುತ್ತೀ. ಹೊರಟಾಗ ನಮ್ಮ ಮನೆಯಾಕೆ ಅನ್ನಮ್ಮ ನಿನಗೊಂದು ಅಕ್ಕಿ ಚೀಲ ಕೊಡುತ್ತಾಳೆ. ಬೇರೆ ಹೆಣ್ಣುಮಕ್ಕಳಿಗಾದರೆ ಉಡಿ ತುಂಬುತ್ತಿದ್ದಳು, ನಿನಗೆ ಚೀಲದಲ್ಲಿ. ತವರಿನ ಅಕ್ಕಿ ಎಂದು ಜೋಳ ಉಣ್ಣುವ ಓಣಿಗೆಲ್ಲ ನೀನು ಒಂದೊಂದು ಬೊಗಸೆ ಹಂಚುತ್ತೀಯಂತೆ. ನಿನ್ನ ಗದ್ದೆಯ ಅಕ್ಕಿಯನ್ನು ನಾನು ನಿನಗೆ ದಾನ ಕೊಡುತ್ತಿದ್ದೆ, ಅಕ್ಕಾ. ಅದಕ್ಕೂ ನೀನು ಪ್ರತಿ ಸಲ "ನನ್ನ ತಮ್ಮಗ ಕಡಿಮಿ ಆಗದಿರಲಿ" ಎಂದು ಹರಸಿ ಹೋಗುತ್ತಿದ್ದೆ.

ಈ ಪಂಚಮಿಗೆ ಬಂದಾಗ ನಿನ್ನ ಚೀಲದಲ್ಲಿ ಬ್ಯಾಂಕಿನ ಪತ್ರ ಇತ್ತು. ಊಟವಾದ ಮೇಲೆ ಅದನ್ನು ತೆಗೆದು, ಕನ್ನಡಕ ಹಾಕಿಕೊಂಡು, ಇಂಗ್ಲಿಷನ್ನು ಕನ್ನಡ ಮಾಡಿ ಎಲ್ಲರಿಗೂ ಓದಿ ಹೇಳಿದೆ. ಅರ್ಜಿದಾರರ ವರಮಾನ ಸಾಲದು, ಸ್ವಂತ ಆಸ್ತಿ ಇಲ್ಲ, ಆದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ. "ಖರೇ ಬರದಾರ ನೋಡಪಾ" ಎಂದೆ. "ಅಪ್ಪ ನನಗ ಅಕ್ಷರಾ ಇಟ್ಟ ಹೋಗ್ಯಾನ, ಸಾಕು. ವಿಮಾನಾ ನಮ್ಮಂಥವರಿಗಲ್ಲ ಬಿಡು." ಪತ್ರವನ್ನು ನಾಲ್ಕಾಗಿ ಮಡಚಿ, ಉಂಡಿಯ ಖಾಲಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

ನಿನ್ನನ್ನು ಬಸ್ಸಿಗೆ ಹತ್ತಿಸಿ ಮನೆಗೆ ಬಂದರೆ ಅನ್ನಮ್ಮ ಹೊಸ್ತಿಲ ಮೇಲೆ ಕುಳಿತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು, ಇಷ್ಟು ವರ್ಷ ಅವಳೂ ಸುಮ್ಮನಿದ್ದಳು. "ಇನ್ನ ಮ್ಯಾಲೆ ಆ ಚೀಲಾ ನನ್ನ ಕೈಲೆ ಕೊಡಾಕ ಆಗೂದಿಲ್ರಿ. ನೀವ ಹೇಳ್ತೀರೋ, ನಾ ಹೋಗಿ ಹೇಳ್ಲೋ?" ಎಂದಳು.

ನಿನ್ನ ಸಂಬಳಕ್ಕೆ ಅಂಕ ತುಂಬಿ ಟಿಕೆಟ್ ಬರಲು ನೂರು ವರ್ಷ ಬೇಕಿತ್ತು, ಹೇಗೂ ಸಿಗುತ್ತಿರಲಿಲ್ಲ ಎಂದು ನನಗೆ ನಾನೇ ಬಹಳ ದಿನ ಸಮಾಧಾನ ಹೇಳಿಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ. ಆ ಗದ್ದೆಯ ಒಂದು ಬೆಳೆ ಕೈಗೆ ಬಂದಿದ್ದರೆ ಯಾವ ಕಾರ್ಡಿನ ಹಂಗೂ ಇಲ್ಲದೆ ನೀನು ವಿಮಾನ ಹತ್ತಿ ಇಳಿಯುತ್ತಿದ್ದೆ. ವರ್ಷಕ್ಕೆ ಎರಡು ಬೆಳೆಯಂತೆ ಹದಿಮೂರು ವರ್ಷ ಉಂಡೆವು ನಾವು. ಅದನ್ನು ವಾಪಸು ಕೊಡುವ ಶಕ್ತಿ ನನಗಿಲ್ಲ, ಸುಳ್ಳು ಹೇಳುವುದಿಲ್ಲ. ಈಗ ನಾಟಿಯಾಗಿ ನಿಂತಿರುವ ಬೆಳೆ ನಿನ್ನದು. ಗದ್ದೆ ನಿನ್ನದು. ನೀನು ಮಾರಿದರೆ ನಾನು ಬಂದು ಸಾಕ್ಷಿ ಹಾಕುತ್ತೇನೆ. ನಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದರೂ ಕೇಳಿಕೊಳ್ಳುತ್ತೇನೆ. ಅದು ಮಾತ್ರ ಆಗದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೇನೆ.

ಇದರ ಜೊತೆ ಮೂರು ಕಾಗದ ಇಟ್ಟಿದ್ದೇನೆ. ಒಂದು, ನಿನ್ನ ಹೆಸರಿನ ಪಹಣಿ, ಮೊನ್ನೆ ತಾಲೂಕು ಕಚೇರಿಯಿಂದ ತೆಗೆಸಿದ್ದು. ಎರಡನೆಯದು ವೆಂಕೋಬ ಬರೆದ ಕಾಗದ. ಅದರ ಮೂರನೆಯ ಸಾಲಿಗೆ, ಆ ಅರಿಶಿನ ಕುಂಕುಮದ ಮಾತಿಗೆ, ಬಂದಾಗ ನಿನಗೆ ನೋವಾಗುತ್ತದೆ. ಅದನ್ನು ನೀನು ಓದಿಬಿಡುತ್ತೀಯೆಂದೇ ಅಪ್ಪ ಹೆದರಿದ್ದ ಎಂದು ಈಗ ಅನಿಸುತ್ತದೆ, ಕಾನೂನಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ. ನಿನ್ನ ಕೆಂಪು ಪೆನ್ನು ಈಗ ತೆಗೆದುಕೋ. ಮೂಲ ಕಾಗದದ ಮೇಲೆ ಗೀಟು ಹಾಕಬಾರದು, ಅದಕ್ಕೇ ಒಂದು ನಕಲೂ ಮಾಡಿ ಇಟ್ಟಿದ್ದೇನೆ. ನಕಲಿನ ಮೇಲೆ ಆ ಸಾಲನ್ನು ಹೊಡೆದು ಹಾಕಿ, ಏನಿರಬೇಕಿತ್ತೋ ಅದನ್ನು ನೀನೇ ಬರೆ.

ಮೂರನೆಯದು ಕಾರ್ಡಿನ ಹೊಸ ಅರ್ಜಿ. ನಪಾಸಾದರೆ ಮತ್ತೆ ಕಟ್ಟಬಹುದೇ ಎಂದು ಕೇಳಿದ್ದೆಯಲ್ಲ, ಆರು ತಿಂಗಳು ಆಯಿತು. ಕಾರ್ಡು ನಿನಗೆ ಬೇಕಿಲ್ಲದಿರಬಹುದು, ಹರಿದು ಹಾಕಿದರೂ ಸರಿ. ಈ ಸಲ ನಾನು ಒಂದಕ್ಷರವನ್ನೂ ತುಂಬಿಲ್ಲ. ಹನ್ನೊಂದನೆಯ ಕಾಲಂ ಖಾಲಿ ಇದೆ. ಮೇ ತಿಂಗಳಿಗೆ ಇನ್ನೂ ಸಮಯವಿದೆ, ನೀನು ಮಕ್ಕಳಿಗೆ ಹೇಳಿದ್ದನ್ನು ಖರೆ ಮಾಡಿ ಬಾ. ಕಿಟಕಿಯ ಪಕ್ಕ ಕುಳಿತು ನಿನ್ನ ಎರಡೂ ಕಣ್ಣಿನಿಂದ ನೋಡು. ಸುಖವಾಗಿ ಹಾರಿ, ಸುಖವಾಗಿ ಇಳಿ.

ಆದರೆ ಅಕ್ಕಾ, ತಮ್ಮ ಕಳಿಸಿದ ಕಾಗದ ಎಂದು ಹಾಗೇ ಸೈ ಮಾಡಬೇಡ. ಈ ಸಲ ಓದು.

ನಿನ್ನ ಹೆಗಲ ಮೇಲೆ ಕುಳಿತು ನಿನ್ನ ಕಣ್ಣು ಮುಚ್ಚಿದ ತಮ್ಮ,
ಉಮಾಪತಿ